ಎಡಗೈ ಗಂಟು

ಏಳನೇ ತಲೆಮಾರಿನ ಗಂಟುಗುರು ಯಾಛಿನ್ ಅವರಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಅದೊಂದು ಸಣ್ಣ ಕೊರತೆ. ಮಿಕ್ಕಿದ್ದೆಲ್ಲ ಇತ್ತು. ನೀಳ ಬೆರಳಿತ್ತು, ರೇಷ್ಮೆಯ ನಿಲುವಂಗಿಯಿತ್ತು, ಮೆಲುದನಿಯಿತ್ತು. ಬೆನ್ನ ಹಿಂದಿನ ಗೋಡೆಯ ಮೇಲೆ ಆರು ತಲೆಮಾರಿನ ಅಜ್ಜಂದಿರ ಪಟಗಳಿದ್ದವು. ಆ ಪಟಗಳನ್ನು ಅಂಗಡಿಯ ಪಾಂಗ್ ಯಜಮಾನರು ಹಳೇ ಸಾಮಾನಿನ ಸಂತೆಯಲ್ಲಿ ಒಟ್ಟಿಗೆ ಆರಿಸಿ ತಂದಿದ್ದರು. ಆರರಲ್ಲಿ ಒಬ್ಬ ಅಜ್ಜ ಎರಡು ಸಲ ಬಂದಿದ್ದ. ಅವನಿಗೂ ಬೇಜಾರಿರಲಿಲ್ಲ, ನೋಡುವವರಿಗೂ ಬೇಜಾರಿರಲಿಲ್ಲ.

ಗಂಟು ಹಾಕುವವಳು ಮೇಜಿನ ಕೆಳಗಿದ್ದಳು.

ಅವಳ ಹೆಸರು ಲಾನ್‌ಝಿ. ವಯಸ್ಸು ನಲವತ್ತೆಂಟು. ಚೀನಾದ ಹೆನಾನ್ ಸೀಮೆಯ ಶಿಛ್ಯಾವ್ ಪೇಟೆಯಲ್ಲಿ ಹುಟ್ಟಿದವಳು. ಅಲ್ಲಿ ಗಂಡಸರು ಜೇಡ್ ಎಂಬ ಹಸಿರು ಕಲ್ಲು ಉಜ್ಜುತ್ತಾರೆ, ಹೆಂಗಸರು ಕಲ್ಲಿಗೆ ದಾರ ಕಟ್ಟುತ್ತಾರೆ, ಮಾರುವವರು ಕಾರಿನಲ್ಲಿ ಓಡಾಡುತ್ತಾರೆ. ಲಾನ್‌ಝಿಯ ಗಂಡ ಇಪ್ಪತ್ತು ವರ್ಷ ಕಲ್ಲು ಉಜ್ಜಿ, ಅದರ ಧೂಳನ್ನೆಲ್ಲ ಎದೆಯಲ್ಲಿ ಜೋಪಾನ ಮಾಡಿಕೊಂಡು, ಈಗ ಬಾಡಿಗೆಗೆ ತಂದ ಆಮ್ಲಜನಕದ ಯಂತ್ರದ ಪಕ್ಕ ಮಲಗಿದ್ದ. ಯಂತ್ರ ಗೊರ ಗೊರ ಅನ್ನುತ್ತಿದ್ದರೆ ಅವನಿದ್ದಾನೆ ಎಂದು ಅರ್ಥ.

ದಿನಾ ಬೆಳಗ್ಗೆ ಒಂಬತ್ತಕ್ಕೆ ಪಾಂಗ್ ಯಜಮಾನರ ಅಂಗಡಿಯಿಂದ ಫೋನಿನಲ್ಲಿ ನೇರ ಪ್ರಸಾರ ಶುರುವಾಗುತ್ತಿತ್ತು. ದೊಡ್ಡ ಚಹಾ ಮೇಜು. ಅದರ ಮೇಲೆ ನೆಲ ಮುಟ್ಟುವ ಹಾಗೆ ಹಾಸಿದ ನೀಲಿ ಬಟ್ಟೆ. ಮೇಲೆ ಗುರುಗಳು. ಕೆಳಗೆ ಪುಟ್ಟ ಮಣೆಯ ಮೇಲೆ, ಮಂಡಿ ಗಲ್ಲಕ್ಕೆ ತಾಗುವಂತೆ ಮುದುರಿಕೊಂಡು, ಹಣೆಗೆ ದೀಪ ಕಟ್ಟಿಕೊಂಡು ಲಾನ್‌ಝಿ. ಗುರುಗಳು ದಾರವನ್ನು ನಾಲ್ಕು ಸಲ ಹಾಗೆ ಹೀಗೆ ತಿರುವಿ, "ಈಗ ಒಂದು ಗುಟುಕು ಚಹಾ ಕುಡಿಯೋಣ" ಎಂದು ಕೈ ಕೆಳಗಿಳಿಸುವರು. ಆ ಕೈಯಿಂದ ಗೋಜಲು ದಾರ ಕೆಳಗೆ ಬರುವುದು. ಲಾನ್‌ಝಿಯ ಕೈಯಿಂದ ಮುಗಿದ ಪದಕ ಮೇಲೆ ಹೋಗುವುದು. ಊರೂರಿನ ಹೆಂಗಸರು ತಮ್ಮ ಫೋನಿನಲ್ಲಿ ಕೆಂಪು ಹೃದಯ ಒತ್ತುವರು. ದಾರ ಸುಟ್ಟ ಹೊಗೆ ಬಟ್ಟೆಯ ಅಂಚಿನಿಂದ ಎದ್ದು ಬಂದಾಗ ಗುರುಗಳು ಕಣ್ಣು ಅರೆಮುಚ್ಚಿ, "ಇದು ನಮ್ಮ ಮನೆತನದ ಧೂಪ" ಎನ್ನುವರು.

ಕೆಮ್ಮು ಬಂದರೆ ನುಂಗಬೇಕು. ಕಾಲು ಜೋಮು ಹಿಡಿದರೆ ಹಿಡಿಯಲಿ. ಉಚ್ಚೆಗೆ ಅವಸರವಾದರೆ ಹನ್ನೆರಡರ ತನಕ ತಡೆಯಬೇಕು. ಅದಕ್ಕೇ ಲಾನ್‌ಝಿ ಬೆಳಗಿನ ಮೆಣಸಿನ ಸೂಪು ಬಿಟ್ಟು ಒಣ ಬನ್ನು ತಿನ್ನುತ್ತಿದ್ದಳು. ಆ ಸೀಮೆಯವರು ಹೆಂಡತಿಯನ್ನಾದರೂ ಬಿಟ್ಟಾರು, ಬೆಳಗಿನ ಮೆಣಸಿನ ಸೂಪು ಬಿಡಲಾರರು.

ಕೆಲಸವೇನು ಸುಮ್ಮನೆಯದಲ್ಲ. ಆ ಪದಕದ ಕಲ್ಲಿಗೆ ತೂತಿರುವುದಿಲ್ಲ. ಮುಂದೆ ಉಬ್ಬಿದ ಹೊಟ್ಟೆ, ಹಿಂದೆ ಚಪ್ಪಟೆ ಬೆನ್ನು, ಅಷ್ಟೆ. ಅಂಟು ಹಾಕುವ ಹಾಗಿಲ್ಲ, ಲೋಹ ಮುಟ್ಟಿಸುವ ಹಾಗಿಲ್ಲ. ಮೇಣ ಹಚ್ಚಿದ ಸಣ್ಣ ದಾರದಿಂದ ಕಲ್ಲಿನ ಸೊಂಟಕ್ಕೆ ಬಳಸಿ, ಗಂಟಿನ ಪಕ್ಕ ಗಂಟು ಹಾಕುತ್ತ ಒಂದು ಚೌಕಟ್ಟು ಹೆಣೆಯಬೇಕು. ಹಿಂದಿನ ಸುತ್ತು ಕಲ್ಲಿಗಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು. ಮುಂದಿನ ಸುತ್ತು ಕಲ್ಲನ್ನು ಒಳಗೆ ಬಿಟ್ಟುಕೊಂಡ ಮೇಲೆ ಬಿಗಿಯಾಗಬೇಕು. ಕೊನೆಯ ಗಂಟಿಗೆ ಆ ಪೇಟೆಯವರು ಬಾಗಿಲು ಹಾಕುವುದು ಎನ್ನುತ್ತಾರೆ. ಬಾಗಿಲು ಹಾಕಿ, ದಾರದ ತುದಿ ಕತ್ತರಿಸಿ, ಲೈಟರಿನ ಉರಿ ತಾಗಿಸಿ, ಕರಗಿದ ತುದಿಯನ್ನು ಬೆರಳಿನಿಂದ ತಟ್ಟನೆ ಒತ್ತಬೇಕು. ತಡಮಾಡಿದರೆ ಗಟ್ಟಿಯಾಗುತ್ತದೆ. ಬೇಗ ಒತ್ತಿದರೆ ಬೆರಳಿಗೆ ಅಂಟುತ್ತದೆ. ಮೂವತ್ತು ವರ್ಷ ಹಾಗೆ ಒತ್ತಿ ಲಾನ್‌ಝಿಯ ಬೆರಳ ತುದಿಗಳು ಚಪ್ಪಲಿಯ ಅಟ್ಟೆಯ ಹಾಗಾಗಿದ್ದವು.

ಅವಳು ಎಡಚಿ. ಶಾಲೆಯಲ್ಲಿ ಮೇಷ್ಟ್ರು ಅವಳ ಎಡಗೈಯನ್ನು ಬೆಂಚಿನ ಕಾಲಿಗೆ ಕಟ್ಟಿ ಬಲಗೈಗೆ ಪೆನ್ಸಿಲ್ ಕೊಟ್ಟಿದ್ದರು. ಮದುವೆಯಾದ ಮೇಲೆ ಅತ್ತೆ ಅವಳನ್ನು ಊಟದ ಮೇಜಿನ ಮೂಲೆಗೆ ಕೂರಿಸಿದ್ದಳು, ಇಲ್ಲವಾದರೆ ಅವಳ ಊಟದ ಕಡ್ಡಿ ಪಕ್ಕದವರ ಕಡ್ಡಿಗೆ ತಾಗಿ ನೆಂಟರೆದುರು ಮರ್ಯಾದೆ ಹೋಗುತ್ತಿತ್ತು. ಆ ಕೈಯನ್ನು ಬಯ್ಯದೆ ಬಿಟ್ಟವಳು ತಾಯಿ ಒಬ್ಬಳೇ. ಮಗಳನ್ನು ಎದುರಿಗೆ ಕೂರಿಸಿಕೊಂಡು ದಾರ ಕಟ್ಟುತ್ತಿದ್ದಳು. ಮಗಳು ಕನ್ನಡಿಯಲ್ಲಿ ನೋಡಿದಂತೆ ನೋಡಿ ಕಲಿತಳು. ತಾಯಿಯ ಗಂಟೆಲ್ಲ ಬಲಕ್ಕೆ ವಾಲುತ್ತಿತ್ತು, ಮಗಳದ್ದು ಎಡಕ್ಕೆ. ಇಡೀ ಪೇಟೆಯಲ್ಲಿ ಎಡಕ್ಕೆ ವಾಲುವ ಗಂಟು ಅವಳದೊಂದೇ.

ಸೇತುವೆಯ ಮೇಲೆ ಚಾಪೆ ಹಾಸಿ ಮಾರುತ್ತಿದ್ದಳು. ಆಮೇಲೆ ಗಿರಾಕಿಗಳೆಲ್ಲ ಫೋನಿನೊಳಗೆ ಹೋದರು. ಸೇತುವೆ ಖಾಲಿಯಾಯಿತು. ಲಾನ್‌ಝಿ ಪಾಂಗ್ ಯಜಮಾನರಲ್ಲಿಗೆ ಬಂದಳು. ಮೊದಮೊದಲು ಯಜಮಾನರು, "ಎಲ್ಲಾ ಸೊಟ್ಟಗೆ ಕಟ್ಟಿದೀರಲ್ಲ ಅಕ್ಕ, ನೋಡಿದವರು ನಗ್ತಾರೆ" ಎಂದು ರೇಗುತ್ತಿದ್ದರು. ಒಂದು ದಿನ ಶಾಂಘೈಯ ದೊಡ್ಡ ಗಿರಾಕಿಯೊಬ್ಬಳು, ಈ ವಾಲುವ ಗಂಟು ಎಷ್ಟು ಚೆಂದ, ಬೇರೆಲ್ಲೂ ಕಂಡಿಲ್ಲ ಎಂದು ಬರೆದಳು. ಮಾರನೇ ದಿನವೇ ಅದು ಏಳು ತಲೆಮಾರಿನ ಗುಟ್ಟಾಯಿತು. ಹೆಸರೂ ಬಂತು, ಎಡವಾಲು ಗಂಟು. ಶ್ಯಾಂಪೂ ಅಂಗಡಿಯಲ್ಲಿದ್ದ ಇಪ್ಪತ್ತೆರಡರ ಯಾಛಿನ್ ಗುರುವಾಗಿ ಬಂದಳು. ಗುರುವಿನ ಕೈಗೆ ದಿನಕ್ಕೆರಡು ಸಲ ಮುಲಾಮು. ಲಾನ್‌ಝಿಯ ಕೈಗೆ ಮೇಜಿನ ಅಡಿ.

ಯಾಛಿನ್ ಕೆಟ್ಟವಳಲ್ಲ ಎನ್ನಬೇಕು. ಮಧ್ಯಾಹ್ನ ಬಟ್ಟೆ ಸರಿಸಿ, ಕೈ ಹಿಡಿದು ಎಬ್ಬಿಸುತ್ತಿದ್ದಳು. "ಬೇಜಾರ್ ಮಾಡ್ಕೋಬೇಡಿ ಚಿಕ್ಕಮ್ಮ, ನಾನೂ ಹೇಳಿದ್ದನ್ನ ಮಾಡೋಳು" ಎನ್ನುತ್ತಿದ್ದಳು. ಹೇಳಿದ್ದನ್ನು ಮಾಡುವವರಿಂದಲೇ ಈ ಲೋಕ ಇಷ್ಟು ಸುಸೂತ್ರವಾಗಿ ನಡೆಯುತ್ತಿರುವುದು.

ಹೀಗಿರುವಾಗ ಪಾಂಗ್ ಯಜಮಾನರಿಗೆ ಫಲಕದ ಆಸೆ ಹುಟ್ಟಿತು. ಜಿಲ್ಲೆಯವರು ಕೊಡುವ ಹಿತ್ತಾಳೆಯ ಫಲಕ, ಪರಂಪರೆಯ ವಾರಸುದಾರರು ಎಂದು ಕೆತ್ತಿದ್ದು. ಅದು ಬಂದರೆ ಗಂಟು ಮನೆತನದ ಹೆಸರಿಗೆ ದಾಖಲಾಗುತ್ತದೆ, ಪೇಟೆಯಲ್ಲಿ ಬೇರೆ ಯಾರೂ ಅದನ್ನು ಕಟ್ಟುವ ಹಾಗಿಲ್ಲ. ಆದರೆ ಗುರುವಿಗೆ ಶಿಷ್ಯರಿದ್ದಾರೆಂದು ತೋರಿಸಬೇಕಿತ್ತು. ಯಜಮಾನರು ಒಂದು ಕಾಗದ ಮಾಡಿಸಿ, ಲಾನ್‌ಝಿಯನ್ನು ಮೇಜಿನ ಕೆಳಗಿನಿಂದ ಮೇಲಕ್ಕೆ ಕರೆದು, ಮೊಟ್ಟಮೊದಲ ಸಲ ಕುರ್ಚಿ ಕೊಟ್ಟರು.

"ಏನಿಲ್ಲ ಅಕ್ಕ, ಬರೀ ಶಾಸ್ತ್ರಕ್ಕೆ. ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ."

ಲಾನ್‌ಝಿ ಐದನೇ ಕ್ಲಾಸು ಓದಿದವಳು. ಬೆರಳಿಟ್ಟು ನಿಧಾನವಾಗಿ ಓದಿದಳು.

"ನಾನು ಯಾಛಿನ್ ಹತ್ರ ಎಂಟು ವರ್ಷ ಕಲಿತೆ ಅಂತ ಬರ್ದಿದೆ."

"ಹೂಂ. ಎಂಟು ಶುಭ ಅಲ್ವಾ?"

"ಎಂಟು ವರ್ಷದ ಕೆಳಗೆ ಅವಳು ಸ್ಕೂಲಿಗೆ ಹೋಗ್ತಿದ್ಲು."

"ದೊಡ್ಡ ಗುರುಗಳು ಚಿಕ್ಕ ವಯಸ್ಸಲ್ಲೇ ಗುರುಗಳಾಗಿರ್ತಾರೆ ಅಕ್ಕ."

"ಕೆಳಗೆ ಇನ್ನೊಂದಿದೆ. ಈ ಗಂಟನ್ನ ಅಂಗಡಿಯಿಂದ ಹೊರಗೆ ಎಲ್ಲೂ ಕಟ್ಟಲ್ಲ, ಯಾರಿಗೂ ಕಲಿಸಲ್ಲ ಅಂತ."

"ಮತ್ತೆ? ಕಂಡಕಂಡೋರೆಲ್ಲ ಕಟ್ಟಿದ್ರೆ ಪರಂಪರೆ ಏನುಳೀತು?"

"ನಾನು ಏನು ಕಟ್ಟಿದ್ರೂ ಹೀಗೇ ಬರೋದು ಯಜಮಾನ್ರೇ. ನನ್ ಕೈ ಇರೋದೇ ಹೀಗೆ."

"ಬಲಗೈ ಸುಮ್ನೇ ಇದ್ಯಲ್ಲ, ಅದಕ್ಕೂ ಸ್ವಲ್ಪ ಕೆಲಸ ಕೊಡಿ" ಎಂದು ಯಜಮಾನರು ನಕ್ಕರು. ಆಮೇಲೆ ದನಿ ಇಳಿಸಿ, "ಮನೇಲಿ ಯಂತ್ರ ನಡೀತಾ ಇದೆ ತಾನೆ? ಭಾವ ಹುಷಾರಾ?" ಎಂದು ಕೇಳಿದರು. ಕಾಳಜಿ ಎಂದರೆ ಹೀಗಿರಬೇಕು.

ಲಾನ್‌ಝಿ ಅವತ್ತು ಇಲ್ಲ ಎನ್ನಲಿಲ್ಲ. ಅದನ್ನು ಮುಚ್ಚಿಟ್ಟು ಏನು ಸುಖ? ಹೆಬ್ಬೆರಳನ್ನು ಕೆಂಪು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದಳು. ಬೆರಳೆತ್ತಿದರೆ ಕೆಂಪು ಮಚ್ಚೆಯೊಂದು ಬಿದ್ದಿತ್ತು. ಒಂದೇ ಒಂದು ಗೆರೆಯಿರಲಿಲ್ಲ. ಯಜಮಾನರು ಅದನ್ನು ಬೆಳಕಿಗೆ ಹಿಡಿದರು. ಮತ್ತೆ ಒತ್ತಿಸಿದರು. ತೋರುಬೆರಳು ಒತ್ತಿಸಿದರು. ಬಲಗೈ ಹೆಬ್ಬೆಟ್ಟು ಒತ್ತಿಸಿದರು. ಹತ್ತು ಬೆರಳೂ ಮುಗಿದವು, ಹತ್ತೂ ಮಚ್ಚೆ. ಕಾಗದ ಬರೆದುಕೊಟ್ಟ ವಕೀಲನಿಗೆ ಫೋನು ಮಾಡಿದರೆ ಅವನು, ಗೆರೆ ಕಾಣಿಸದಿದ್ದರೆ ಜಿಲ್ಲೆಯವರು ಒಪ್ಪುವುದಿಲ್ಲ ಎಂದ. ಕಸುಬು ತನ್ನದಲ್ಲ ಎಂದು ಬರೆದುಕೊಡಬೇಕಾದ ಬೆರಳನ್ನು ಆ ಕಸುಬೇ ತಿಂದುಬಿಟ್ಟಿತ್ತು.

ಪಾಂಗ್ ಯಜಮಾನರು ಹಾಗೆಲ್ಲ ಸೋಲುವವರಲ್ಲ. ಹೊಸ ಕಾಗದ ತರಿಸಿದರು. "ಯಾಛಿನ್, ಬಾಮ್ಮ ಇಲ್ಲಿ, ನಿನ್ ಹೆಬ್ಬೆಟ್ಟು ಕೊಡು" ಅಂದರು. ಮುಲಾಮು ಸವರಿದ ಹೆಬ್ಬೆಟ್ಟು, ಗೆರೆಗಳೆಲ್ಲ ಮುತ್ತು ಪೋಣಿಸಿದ ಹಾಗೆ ಬಿದ್ದವು. ಲಾನ್‌ಝಿ ಯಾಛಿನ್‌ಳ ಶಿಷ್ಯೆ ಎಂಬುದಕ್ಕೆ ಯಾಛಿನ್‌ಳೇ ಲಾನ್‌ಝಿಯಾಗಿ ಸಾಕ್ಷಿ ಹಾಕಿದಳು. ಎಲ್ಲರಿಗೂ ಸಮಾಧಾನವಾಯಿತು.

ಲಾನ್‌ಝಿ ಮನೆಗೆ ಹೋಗಿ ಬೇಸಿನ್ನಿನಲ್ಲಿ ಕೈ ತೊಳೆದಳು. ಸೋಪು ಹಾಕಿ ಉಜ್ಜಿದಳು. ಶಾಯಿ ಹೋಯಿತು, ಮತ್ತೂ ಉಜ್ಜಿದಳು. ಬೇರೆಯವರ ಬೆರಳು ತನ್ನ ಹೆಸರು ಹೇಳಿತಲ್ಲ ಎಂದು ಮತ್ತೊಮ್ಮೆ ಸೋಪು ಹಚ್ಚಿದಳು. ತನ್ನ ಮೇಲೆಯೇ ಅಸಹ್ಯವಾಯಿತು. ಮಲಗಿದ್ದ ಗಂಡ ಕೇಳಿದ.

"ಏನಾಯ್ತೇ?"

"ಏನಿಲ್ಲ. ನನ್ ಕೈ ಇನ್ನೊಬ್ಬರ ಹೆಸರಿಗಾಯ್ತು."

ಅವನು ಮಾತಾಡಲು ಉಸಿರು ಕೂಡಿಸಿಕೊಳ್ಳುವಷ್ಟರಲ್ಲಿ ಅವಳು ಒಲೆಯ ಹತ್ತಿರ ಹೋಗಿದ್ದಳು.

ಫಲಕದ ದಿನ ಬಂತು. ಹತ್ತು ಗಂಟೆಗೆ ಜಿಲ್ಲೆಯಿಂದ ಝಾನ್ ಮೇಡಂ, ಅವರ ಹಿಂದೆ ಇಬ್ಬರು ಗಂಡಸರು, ಅವರ ಹಿಂದೆ ಕ್ಯಾಮೆರಾ. ಫಲಕ ಆಗಲೇ ಕೆಂಪು ರೇಷ್ಮೆ ಹೊದ್ದು ಮೇಜಿನ ಮೇಲೆ ಕೂತಿತ್ತು. ಅವತ್ತಿನ ತಾರೀಕನ್ನೂ ಕೆತ್ತಿ ತಂದಿದ್ದರು. ಆದರೂ ಪರೀಕ್ಷೆಯೆಂದರೆ ಪರೀಕ್ಷೆ. ಗುರುಗಳು ಕಣ್ಣೆದುರೇ ಒಂದು ಕಲ್ಲು ಕೂರಿಸಿ ತೋರಿಸಬೇಕು.

ಯಜಮಾನರು ಉಪಾಯ ಮಾಡಿದ್ದರು. ಲಾನ್‌ಝಿಗೆ ಬೂದು ಬಣ್ಣದ ಅಂಗಿ ಹೊಲಿಸಿ, ಎದೆಯ ಮೇಲೆ ಶಿಷ್ಯೆ ಎಂದು ಕಸೂತಿ ಹಾಕಿಸಿದ್ದರು. ಗುರುಗಳು ಮೊದಲ ಗಂಟು ಹಾಕುವುದು, ಮಿಕ್ಕಿದ್ದು ಬರೀ ಕೈಕೆಲಸ, ಅದನ್ನು ಶಿಷ್ಯೆ ಮಾಡುವುದು. ಗುರುಗಳು ಪಕ್ಕದಲ್ಲಿ ಕೂತು ಕೈಯಾರೆ ಮಾಡದೆ ಮನಸಾರೆ ಮಾಡುವುದು. "ಹಾಗೇ ಅಲ್ವಾ ಎಲ್ಲಾ ದೊಡ್ಡ ಕಲೆಗಳೂ?" ಎಂದು ಯಜಮಾನರು ಮೇಡಂಗೆ ವಿವರಿಸಿದರು. ಮೇಡಂ ಹೌದೆಂದು ತಲೆಯಾಡಿಸಿದರು.

ಮೇಡಂ ತಮ್ಮ ಕೈಚೀಲದಿಂದ ಬೆರಳಗಲದ ಒಂದು ಹಸಿರು ಜೇಡ್ ಕಲ್ಲು ತೆಗೆದು ಇಟ್ಟರು. ಯಾಛಿನ್ ಮೊದಲ ಗಂಟು ಹಾಕಿದಳು. ಕ್ಯಾಮೆರಾ ಅವಳ ಉಗುರನ್ನು ಹತ್ತಿರದಿಂದ ಹಿಡಿಯಿತು. ಆಮೇಲೆ ದಾರ ಲಾನ್‌ಝಿಯ ಕೈಗೆ ಬಂತು. ಅವಳು ಯಾಛಿನ್‌ಳ ಗಂಟನ್ನು ಸದ್ದಿಲ್ಲದೆ ಬಿಚ್ಚಿ, ಮತ್ತೆ ಹಾಕಿ, ಶುರುಮಾಡಿದಳು. ಮೇಜಿನ ಮುಂದೆ ಕೂತು ಕೆಲಸ ಮಾಡಿ ಎರಡು ವರ್ಷವಾಗಿತ್ತು. ಬೆನ್ನು ನೆಟ್ಟಗಾಯಿತು. ಕಿಟಕಿಯ ಬೆಳಕು ದಾರದ ಮೇಲೆ ಬಿದ್ದಿತ್ತು. ಎಡಗೈ ತನ್ನಷ್ಟಕ್ಕೆ ಓಡಿತು.

ಮೇಡಂ ಫಾರಂ ತೆಗೆದರು. "ಗುರುಗಳ ಹತ್ರ ಎಷ್ಟು ವರ್ಷದಿಂದ ಕಲೀತಿದೀರಮ್ಮ?"

ಯಜಮಾನರು ಕೆಮ್ಮಿದರು.

"ಎಂಟು ವರ್ಷ ಮೇಡಂ" ಎಂದಳು ಲಾನ್‌ಝಿ, ಕೈ ನಿಲ್ಲಿಸದೆ. "ಆಗ ಗುರುಗಳಿಗೆ ಹದಿನಾರು. ಸ್ಕೂಲ್ ಮುಗಿಸ್ಕೊಂಡು, ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಬಂದು ಹೇಳ್ಕೊಡೋರು. ಪರೀಕ್ಷೆ ಇದ್ದಾಗ ನನಗೆ ರಜಾ."

ಇಬ್ಬರು ಗಂಡಸರಲ್ಲಿ ಒಬ್ಬ ನಗು ತಡೆದುಕೊಂಡು ಚಹಾಕ್ಕೆ ಬಾಯಿಟ್ಟ. ಮೇಡಂ ತಲೆಯೆತ್ತಿ ಲಾನ್‌ಝಿಯ ನರೆಗೂದಲು ನೋಡಿದರು, ಯಾಛಿನ್‌ಳ ನುಣುಪು ಕೆನ್ನೆ ನೋಡಿದರು, ಕೆಂಪು ರೇಷ್ಮೆ ನೋಡಿದರು. "ಎಂಟು" ಎಂದು ಬರೆದುಕೊಂಡರು.

ಆ ಕ್ಷಣಕ್ಕೆ ಲಾನ್‌ಝಿಗೆ ಎಲ್ಲ ಅರ್ಥವಾಯಿತು. ಇವರಿಗೆ ಗೊತ್ತಿಲ್ಲ, ಗೊತ್ತಾದರೆ ನಿಲ್ಲಿಸುತ್ತಾರೆ ಎಂದು ಒಳಗೊಳಗೇ ನಂಬಿಕೊಂಡಿದ್ದಳು ಪಾಪ. ಗೊತ್ತಿದ್ದೇ ಬಂದಿದ್ದರು. ನಿಜ ಹೇಳಿದರೂ ಅದನ್ನು ಬರೆದುಕೊಳ್ಳಲು ಅವರ ಫಾರಮ್ಮಿನಲ್ಲಿ ಜಾಗ ಇರಲಿಲ್ಲ.

ಹಿಂದಿನ ಸುತ್ತು ಮುಗಿದಿತ್ತು. ಕಲ್ಲು ಒಳಗೆ ಕೂತಿತ್ತು. ಮುಂದಿನ ಸುತ್ತು ಬಿಗಿಯಾಗಿತ್ತು. ಬಾಗಿಲು ಹಾಕುವುದೊಂದು ಉಳಿದಿತ್ತು. ಲಾನ್‌ಝಿ ಪದಕವನ್ನು ಮೇಜಿನ ಮೇಲಿಟ್ಟು ಯಾಛಿನ್‌ಳ ಮುಂದಕ್ಕೆ ತಳ್ಳಿದಳು.

"ಯಾಕೆ ಅಕ್ಕ, ಮುಗಿಸಿ" ಎಂದರು ಯಜಮಾನರು.

"ನಾನು ಮುಚ್ಚಲ್ಲ."

"ಏನಂದ್ರಿ?"

"ಬಾಗಿಲು ಹಾಕಲ್ಲ ಅಂದೆ. ಬರೀ ಕೈಕೆಲಸ ಅಲ್ವಾ? ಒಂದೇ ಗಂಟು. ಏಳು ತಲೆಮಾರಿನಿಂದ ಹಾಕ್ತಿದಾರೆ, ಹಾಕ್ಲಿ."

"ಹುಷಾರಿಲ್ಲ ಅನ್ಸುತ್ತೆ ಇವರಿಗೆ" ಎಂದು ಯಜಮಾನರು ಮೇಡಂ ಕಡೆ ತಿರುಗಿ ನಕ್ಕರು. ಮೇಜಿನ ಅಡಿಯಲ್ಲಿ ಅವರ ಬೂಟುಗಾಲು ಲಾನ್‌ಝಿಯ ಪಾದ ಮೆಟ್ಟಿತು. ಒತ್ತಿ ಮೆಟ್ಟಿತು. ಲಾನ್‌ಝಿ ಎದ್ದು ನಿಂತಳು.

"ಕಾಲು ತೆಗೀರಿ ಯಜಮಾನ್ರೇ. ಕೆಳಗೆ ಈಗ ಯಾರೂ ಇಲ್ಲ."

ಕ್ಯಾಮೆರಾ ಓಡುತ್ತಿತ್ತು. ಯಾಛಿನ್ ಏನು ಮಾಡಿಯಾಳು? ಪದಕ ಎತ್ತಿಕೊಂಡಳು. ಪಾಪ, ಬಲಗೈಯವಳು. ಎಡಕ್ಕೆ ವಾಲಿದ ಗಂಟಿನ ಸಾಲನ್ನು ಎಡಕ್ಕೇ ಎಳೆದು ಮುಚ್ಚಬೇಕೆಂದು ಯಾರೂ ಹೇಳಿರಲಿಲ್ಲ. ಬಲಕ್ಕೆ ಎಳೆದಳು. ಒಂದು ಗಂಟು ಸಡಿಲವಾಯಿತು, ಅದರ ಪಕ್ಕದ್ದು ಸಡಿಲವಾಯಿತು. ಗಾಬರಿಯಾಗಿ ಇನ್ನೂ ಜೋರಾಗಿ ಎಳೆದಳು. ಸಾಲಿಗೆ ಸಾಲೇ ಬಾಯಿಬಿಟ್ಟಿತು. ಮೇಡಂ ಅವರ ಹಸಿರು ಕಲ್ಲು ಚೌಕಟ್ಟಿನಿಂದ ಜಾರಿ ಚಹಾ ತಟ್ಟೆಯ ನೀರಿಗೆ ಬಿತ್ತು.

ಯಾಛಿನ್ ಅಳಲು ಶುರುಮಾಡಿದಳು. ಪಾಂಗ್ ಯಜಮಾನರೇ ಮೊದಲು ಚೇತರಿಸಿಕೊಂಡರು. "ಕಲ್ಲು ತಾನಾಗಿ ನೀರಿಗೆ ಹೋಯ್ತು. ಬಹಳ ಶುಭ" ಎಂದರು. ಗಂಡಸರಿಬ್ಬರೂ ಚಪ್ಪಾಳೆ ತಟ್ಟಿದರು. ಮೇಡಂ ಕಲ್ಲನ್ನು ಕರವಸ್ತ್ರದಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು, ಫಲಕದ ಮೇಲಿನ ಕೆಂಪು ರೇಷ್ಮೆ ಸರಿಸಿದರು. ತಾರೀಕು ಕೆತ್ತಿಯಾಗಿತ್ತಲ್ಲ, ಹಿತ್ತಾಳೆ ದಂಡ ಮಾಡುವುದುಂಟೇ.

ಲಾನ್‌ಝಿ ಬೂದು ಅಂಗಿಯನ್ನು ಬಿಚ್ಚಿ, ಮಡಚಿ, ಮಣೆಯ ಮೇಲಿಟ್ಟು ಮನೆಗೆ ನಡೆದಳು. ಗಂಡ ಕಣ್ಣುಬಿಟ್ಟ.

"ಬಿಟ್ಟು... ಬಂದ್ಯಾ?"

"ಬಂದೆ."

"ಯಂತ್ರ?"

"ನಿನ್ ಯಂತ್ರ ನಡಿಯುತ್ತೆ. ಸೇತುವೆ ಇದೆಯಲ್ಲ. ಗೋಪುರ ಕಟ್ಟೋಕಾಗಲ್ಲ, ಯಂತ್ರದ ಬಾಡಿಗೆ ಹುಟ್ಟುತ್ತೆ."

ಅವನು ಎರಡು ಸಲ ಉಸಿರೆಳೆದು, "ಸರಿ" ಎಂದ. ಅವನ ಲೆಕ್ಕಕ್ಕೆ ಅದು ದೊಡ್ಡ ಭಾಷಣ.

ಮಾರನೇ ಬೆಳಗ್ಗೆ ಅವಳು ಎರಡು ಬಟ್ಟಲು ಮೆಣಸಿನ ಸೂಪು ಕುಡಿದು, ಚಾಪೆ ಸುತ್ತಿಕೊಂಡು ಸೇತುವೆಗೆ ಹೋದಳು. ಮೊದಲಿನ ಹನ್ನೆರಡು ಹೆಂಗಸರಲ್ಲಿ ನಾಲ್ವರು ಉಳಿದಿದ್ದರು. ಗೆಂಗ್ ಅಕ್ಕ ತನ್ನ ಚಾಪೆ ಸರಿಸಿ ಜಾಗ ಕೊಟ್ಟಳು.

"ಬಂದ್ಯಾ ಎಡಚಿ. ಎರಡು ವರ್ಷ ಮೇಜಿನ ಕೆಳಗೆ ಕೂತು ಸೊಂಟ ಮುರಿಸ್ಕೊಂಡ್ಯಾ?"

"ಮುರಿದಿಲ್ಲ. ಬಗ್ಗಿದೆ."

"ಅಲ್ನೋಡು" ಎಂದು ಗೆಂಗ್ ಅಕ್ಕ ಕಂಬದ ಕಡೆ ಗಲ್ಲ ತೋರಿಸಿದಳು. ಕಂಬಕ್ಕೆ ಹೊಸ ನೋಟೀಸು ಅಂಟಿಸಿದ್ದರು. ಎಡವಾಲು ಗಂಟು ದಾಖಲಾದ ಪರಂಪರೆ, ಅನುಮತಿಯಿಲ್ಲದೆ ಕಟ್ಟುವುದು, ಮಾರುವುದು ನಿಷೇಧ. ಅಂಟು ಇನ್ನೂ ಒಣಗಿರಲಿಲ್ಲ.

ಲಾನ್‌ಝಿ ಓದಿದಳು. ಕೂತಳು. ದಾರ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಐದು ಪದಕ ಸಾಲಾಗಿದ್ದವು. ಐದೂ ಎಡಕ್ಕೆ ವಾಲಿದ್ದವು.

ಎರಡು ಗಂಟೆಗೆ ಮಾರುಕಟ್ಟೆ ಕಚೇರಿಯ ಹೌ ಬಂದ. ಸಮವಸ್ತ್ರ, ಕಂಕುಳಲ್ಲಿ ಫೈಲು. ಅವಳ ಬೀದಿಯವನೇ. ಅವನ ಮದುವೆಗೆ ಹೆಣ್ಣಿನ ಕಡೆಯವರಿಗೆ ಕೊಟ್ಟ ಕೆಂಪು ದಾರದ ಗಂಟುಗಳನ್ನು ಕಟ್ಟಿಕೊಟ್ಟವಳೂ ಅವಳೇ.

"ಚಿಕ್ಕಮ್ಮ, ನೋಟೀಸು ನೋಡಿಲ್ವಾ?"

"ನೋಡ್ದೆ. ಅಕ್ಷರ ದುಂಡಗಿದೆ."

"ನನಗೆ ಮೇಲಿಂದ ಹೇಳಿದಾರೆ. ಬೇರೆ ಥರ ಕಟ್ಟಿ, ನಾನೇ ಗಿರಾಕಿ ಕಳಿಸ್ತೀನಿ. ಇದು ಬೇಡ."

"ನನಗೆ ಬೇರೆ ಥರ ಬರಲ್ಲ."

ಹೌ ನಿಟ್ಟುಸಿರಿಟ್ಟು ಕುಕ್ಕರಗಾಲಲ್ಲಿ ಕೂತು ಫೈಲು ತೆರೆದ. ಮುಟ್ಟುಗೋಲು ಹಾಕಿದ ಸಾಮಾನಿಗೆ ರಶೀದಿ ಕೊಡಬೇಕು. ಎಲ್ಲಾ ಕಾನೂನಿನ ಪ್ರಕಾರ. ಬರೆಯುತ್ತ ಬಾಯಿಬಿಟ್ಟು ಓದಿದ. "ಸಾಮಾನು, ಎಡವಾಲು ಗಂಟಿನ ಪದಕ. ಸಂಖ್ಯೆ, ಐದು."

"ಇಷ್ಟೇನಾ?" ಎಂದಳು ಲಾನ್‌ಝಿ.

"ಇಷ್ಟೇ ಚಿಕ್ಕಮ್ಮ."

"ನಾಳೆ ಇನ್ನೈದು ಇರುತ್ತೆ."

"ಅದನ್ನೂ ತಗೊಂಡು ಹೋಗಬೇಕಾಗುತ್ತೆ."

"ನಾಡಿದ್ದು ಮತ್ತೈದು. ದಿನಾ ಬಿಸಿಲಲ್ಲಿ ಯಾಕಪ್ಪ ಅಲೀತೀಯಾ? ಮೂಲನೇ ಎತ್ಕೊಂಡು ಹೋಗು."

ಅವಳು ಎಡಗೈಯನ್ನು ಅವನ ರಶೀದಿ ಪುಸ್ತಕದ ಮೇಲೆ ಅಂಗಾತ ಇಟ್ಟಳು. ಸುಟ್ಟು ಗಟ್ಟಿಯಾದ ಬೆರಳು, ದಾರ ಕೊಯ್ದ ಗೀರು, ಮೇಣ ಕೂತ ಉಗುರು.

"ಬರಿ. ಸಾಮಾನು, ಎಡಗೈ. ಸಂಖ್ಯೆ, ಒಂದು."

ಹೌ ನಕ್ಕ. ಬೇರೆ ಯಾರೂ ನಗಲಿಲ್ಲ. ಗೆಂಗ್ ಅಕ್ಕ ಕೈಯ ದಾರ ಕೆಳಗಿಟ್ಟು ಹತ್ತಿರ ಬಂದಳು. ಮಿಕ್ಕ ಮೂವರೂ ಎದ್ದು ಬಂದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತ.

"ಕೈ ತೆಗೀರಿ ಚಿಕ್ಕಮ್ಮ. ಇದಕ್ಕೆಲ್ಲ ಕಾಲಂ ಇಲ್ಲ."

"ಗಂಟು ಬರದೋಳನ್ನ ಗುರು ಮಾಡೋಕೆ ಕಾಲಂ ಇತ್ತು. ಅವಳ ಹೆಬ್ಬೆಟ್ಟನ್ನ ನಂದು ಮಾಡೋಕೆ ಕಾಲಂ ಇತ್ತು. ಇದಕ್ಕೂ ಒಂದು ಗೆರೆ ಎಳಿ. ಬರಿ."

ಅವನು ಪೆನ್ನು ಹಿಡಿದುಕೊಂಡೇ ಕೂತ. ಅವಳ ಕೈ ಪುಸ್ತಕದ ಮೇಲೆಯೇ ಇತ್ತು. ಅದರ ಅಡಿಯಿಂದ ಪುಸ್ತಕ ಎಳೆದುಕೊಳ್ಳಲು ನೋಡಿದ, ಬರಲಿಲ್ಲ. ಕೊನೆಗೆ ಪುಸ್ತಕವನ್ನು ಅಲ್ಲೇ ಬಿಟ್ಟು, ಬರೀ ಫೈಲು ಎತ್ತಿಕೊಂಡು ಎದ್ದ. ಪದಕಗಳನ್ನು ಮುಟ್ಟಲಿಲ್ಲ.

"ಮೇಲಿನವರನ್ನ ಕೇಳ್ಕೊಂಡು ನಾಳೆ ಬರ್ತೀನಿ."

"ಬಾರಪ್ಪ" ಎಂದಳು ಲಾನ್‌ಝಿ. "ಬರೋವಾಗ ಮಚ್ಚು ತಗೊಂಡ್ ಬಾ. ಬರೀ ಪೆನ್ನಿಗೆ ಇದು ಕಳಚ್ಕೊಂಡು ಬರಲ್ಲ."